ಪೂರ್ಣ ಚಾರ್ಜ್ ತೋರಿಸುವ ಪುಟ್ಟ ಡಿಜಿಟಲ್ ಕ್ಯಾಮೆರಾ ಎರಡು-ಮೂರು ಚಿತ್ರಗಳಿಗೇ ಆಫ್ ಆಗುವುದೇಕೆ?

ಕಲಬುರಗಿ ಕೋಟೆಯಲ್ಲಿ ಚಿತ್ರ ತೆಗೆಯುವಾಗ ಕ್ಯಾಮೆರಾ ಪದೇ ಪದೇ ಆಫ್ ಆಯಿತೆಂದೂ, ವೋಲ್ಟೇಜು ಅಳೆಯುವ ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ಸರಿಯಾಗಿಯೇ ಇದೆಯೆಂದೂ ಬರೆದಿದ್ದೀರಿ. ಇದು ಬಹುಮಟ್ಟಿಗೆ ವಯಸ್ಸಾದ ಲಿಥಿಯಂ-ಅಯಾನ್ ಬ್ಯಾಟರಿಯ ಲಕ್ಷಣ. ಪೂರ್ಣ ಚಾರ್ಜ್ ಆದ ಇಂಥ ಸೆಲ್ ಸಾಮಾನ್ಯವಾಗಿ ಸುಮಾರು 4.2 ವೋಲ್ಟ್ ತೋರಿಸುತ್ತದೆ. ಆದರೆ ಹಳೆಯದಾದಂತೆ ಅದರ ಒಳರೋಧ (ವಿದ್ಯುತ್ ಹರಿವಿಗೆ ಬ್ಯಾಟರಿಯೊಳಗೇ ಇರುವ ತಡೆ) ಹೆಚ್ಚುವುದರಿಂದ, ಸುಮ್ಮನಿದ್ದಾಗ ಸರಿಯಾಗಿ ಕಂಡ ವೋಲ್ಟೇಜು ಲೆನ್ಸ್ ಹೊರಬರುವಾಗ ಅಥವಾ ಫ್ಲ್ಯಾಶ್ ಸಿದ್ಧವಾಗುವಾಗ ಥಟ್ಟನೆ ಕುಸಿಯುತ್ತದೆ, ಕ್ಯಾಮೆರಾ ಅದನ್ನು ಬ್ಯಾಟರಿ ಖಾಲಿಯಾಗಿದೆ ಎಂದೇ ಗ್ರಹಿಸುತ್ತದೆ. ಅದೇ ಮಾದರಿಯ ಒಳ್ಳೆಯ ಬ್ಯಾಟರಿಯೊಂದನ್ನು ಯಾರಿಂದಲಾದರೂ ಪಡೆದು ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ.

ಹೊಸದಕ್ಕೆ ಹಣ ಕೊಡುವ ಮೊದಲು ಬ್ಯಾಟರಿಯ ಲೋಹದ ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿ. ನಮ್ಮ ಕಡೆಯ ಧೂಳಿಗೆ ಇದು ಅನಗತ್ಯ ಎಚ್ಚರಿಕೆಯೇನಲ್ಲ. ಬ್ಯಾಟರಿ ಮುಚ್ಚಳವನ್ನು ಬೆರಳಿನಿಂದ ಒತ್ತಿ ಹಿಡಿದಾಗ ಮಾತ್ರ ಕ್ಯಾಮೆರಾ ಆನ್ ಆಗುವುದಾದರೆ, ದೋಷ ಬ್ಯಾಟರಿಯದ್ದಲ್ಲ, ಸವೆದ ಮುಚ್ಚಳದ್ದು ಅಥವಾ ಅದು ಒತ್ತುವ ಸಣ್ಣ ಸ್ವಿಚ್ಚಿನದ್ದು.

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ, ಕ್ಯಾಮೆರಾವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಬಿಸಿಯಾದ ಬ್ಯಾಟರಿಯನ್ನು ತಣಿಸಿಯೇ ಚಾರ್ಜ್ ಮಾಡಿ. ಉಬ್ಬಿ ಕ್ಯಾಮೆರಾದೊಳಗೆ ಬಿಗಿಯಾಗಿ ಕೂರುವ ಬ್ಯಾಟರಿಯನ್ನು ಚುಚ್ಚದೆ, ಮತ್ತೆ ಚಾರ್ಜ್ ಮಾಡದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಕ್ಯಾಮೆರಾದಲ್ಲಿ ಹೊಂದಿಸಿದ ದಿನಾಂಕ ಪ್ರತಿ ಬಾರಿ ಅಳಿಸಿಹೋಗುವುದು ಬೇರೆಯೇ ವಿಷಯ: ಗಡಿಯಾರಕ್ಕೆಂದು ಒಳಗಿರುವ ಪುಟ್ಟ ಸೆಲ್ ಬರಿದಾಗಿರುತ್ತದೆ. ಹಲವು ಮಾದರಿಗಳಲ್ಲಿ ಚಾರ್ಜ್ ಆದ ಬ್ಯಾಟರಿಯನ್ನು ಒಂದು ದಿನ ಒಳಗೇ ಬಿಟ್ಟರೆ ಈ ಪುಟ್ಟ ಸೆಲ್ ಮತ್ತೆ ತುಂಬಿಕೊಳ್ಳುತ್ತದೆ.