ಫಜರ್ ನಮಾಜ್ ತಪ್ಪಿಸುತ್ತಿದ್ದ ಹುಡುಗ

ನನ್ನ ಹತ್ತಿರ ಸಲಹೆ ಕೇಳಲು ಬಂದದ್ದು ಮೈಸೂರಿನ ಉದಯಗಿರಿ ಕಡೆಯ ಕುಟುಂಬ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅಪ್ಪ, ಅಮ್ಮ, ಮಗ ಮೂವರೂ ಒಪ್ಪಿದ್ದಾರೆ. ತಂದೆ ಮರಗೆಲಸದವರು, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮಗ ಒಂಬತ್ತನೇ ಕ್ಲಾಸು, ಮಗಳಿಗೆ ಹತ್ತು ವರ್ಷ.

ದೂರು ಮಗನ ಮೇಲೆ. ಅಪ್ಪನ ಜೊತೆ ಫಜರ್, ಅಂದರೆ ನಸುಕಿನ ನಮಾಜಿಗೆ ಮಸೀದಿಗೆ ಹೋಗುತ್ತಿದ್ದವನು ಈಗ ಆಗಾಗ ತಲೆನೋವು ಅಂತ ಮಲಗಿಬಿಡುತ್ತಾನೆ. ರಾತ್ರಿ ಮೊಬೈಲು ಬಿಡುವುದಿಲ್ಲ. ಅಪ್ಪ ಫೋನ್ ಕಿತ್ತುಕೊಂಡು ಎರಡು ಏಟೂ ಕೊಟ್ಟಿದ್ದರು. "ಸಹವಾಸ ಕೆಟ್ಟಿದೆ ಮೇಡಂ, ಸ್ವಲ್ಪ ಬುದ್ಧಿ ಹೇಳಿ" ಅಂದರು.

ಹುಡುಗನ ಜೊತೆ ಬೇರೆಯಾಗಿ ಮಾತಾಡಿದೆ. ಮೊದಲ ಸಲ ಕ್ರಿಕೆಟ್ ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ. ಮುಂದಿನ ಭೇಟಿಯಲ್ಲಿ ವಿಷಯ ಹೊರಬಿತ್ತು. ಅವನಿಗೆ ನಿದ್ದೆಯಲ್ಲಿ ವೀರ್ಯ ಹೋಗುತ್ತಿತ್ತು. ಹಾಗಾದರೆ ಗುಸ್ಲ್, ಅಂದರೆ ತಲೆಯಿಂದ ಕಾಲಿನವರೆಗೆ ಸ್ನಾನ, ಮಾಡದೆ ನಮಾಜ್ ಇಲ್ಲ ಎಂದು ಮದರಸಾದಲ್ಲಿ ಕಲಿತಿದ್ದ. ಮನೆಯಲ್ಲಿರುವುದು ಒಂದೇ ಬಚ್ಚಲು, ಅದೂ ಅಪ್ಪ ಅಮ್ಮನ ಕೋಣೆಯ ಪಕ್ಕ. ನಸುಕಿನಲ್ಲಿ ನೀರು ಸುರಿದುಕೊಂಡರೆ ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೇ ತಲೆನೋವು. ಮೊಬೈಲಿನ ಕಥೆಯೂ ಇದೇ. ಗೋಡೆ ಮೇಲಿನ 'ಗುಪ್ತರೋಗ' ಜಾಹೀರಾತು ಓದಿ, ತನಗೂ ಆ ಕಾಯಿಲೆ ಎಂದು ಹೆದರಿ, ಔಷಧಿ ಹುಡುಕುತ್ತಿದ್ದ. ಹುಡುಕುತ್ತಾ ಹೋದವನಿಗೆ ಬೇರೆ ಥರದ ವಿಡಿಯೋಗಳೂ ಸಿಕ್ಕಿದ್ದವು.

ಮನೆಯವರಿಗೆ ಎಷ್ಟು ಹೇಳಲಿ ಎಂದು ಅವನನ್ನೇ ಕೇಳಿದೆ. "ಸ್ನಾನದ್ದು ಹೇಳಿ. ವಿಡಿಯೋದ್ದು ಅಬ್ಬಾಗೆ ನಾನೇ ಹೇಳ್ತೀನಿ, ಆಮೇಲೆ" ಅಂದ. ಅಷ್ಟೇ ಹೇಳಿದೆ.

ಅಪ್ಪನಿಗೆ ಮಾತೇ ಹೊರಡಲಿಲ್ಲ. ತಾಯಿ, "ಇದೆಲ್ಲ ನಾವು ಮಕ್ಕಳ ಹತ್ರ ಮಾತಾಡಬಾರದಲ್ವಾ ಮೇಡಂ, ನಮ್ಮ ದೀನ್‌ನಲ್ಲಿ ಹಯಾ ಮುಖ್ಯ" ಅಂದರು. ದೀನ್ ಅಂದರೆ ಧರ್ಮ, ಹಯಾ ಅಂದರೆ ನಾಚಿಕೆ, ಸಂಕೋಚ. ಧರ್ಮದ ಪಾಠ ಹೇಳುವುದು ನನ್ನ ಕೆಲಸವಲ್ಲ. ಹತ್ತಿರದ ಹೆಣ್ಣುಮಕ್ಕಳ ಮದರಸಾದಲ್ಲಿ ಕಲಿಸುವ ಆಲಿಮಾ (ಧರ್ಮಶಾಸ್ತ್ರ ಓದಿದ ಮಹಿಳೆ) ಒಬ್ಬರನ್ನು ಕೇಳಿಕೊಂಡು ಬನ್ನಿ ಎಂದೆ. ತಾಯಿ ಹೋಗಿ ಕೇಳಿ ಬಂದರು. ನಾಚಿಕೆಯಿಂದಾಗಿ ದೀನ್ ಕಲಿಯುವುದನ್ನು ಬಿಡಲಿಲ್ಲ ಎಂದು ಮದೀನಾದ ಅನ್ಸಾರಿ ಹೆಂಗಸರನ್ನು ಪ್ರವಾದಿಯವರ ಪತ್ನಿ ಹಜರತ್ ಆಯಿಶಾ ಹೊಗಳಿದ್ದಾರಂತೆ. ಮಕ್ಕಳೂ ಮೂರು ಹೊತ್ತಿನಲ್ಲಿ ಕೇಳಿಯೇ ಕೋಣೆಯೊಳಗೆ ಬರಬೇಕು ಎಂದು ಕುರಾನಿನ ಸೂರಾ ನೂರ್‌ನಲ್ಲೇ ಇದೆಯಂತೆ, ಅಂದರೆ ಇಂಥ ವಿಷಯ ಮಕ್ಕಳಿಗೂ ಹೇಳಬಹುದು. ತಾಯಿಯ ಮುಖದಲ್ಲಿ ಆವತ್ತು ಅರ್ಧ ಭಾರ ಇಳಿದಿತ್ತು.

ಆದರೆ ಇನ್ನರ್ಧ ಆಲಿಮಾ ಇಳಿಸುವಂಥದ್ದಲ್ಲ. ಹುಡುಗನಿಗೆ ಸ್ನಾನದ ನಿಯಮ ಗೊತ್ತಿತ್ತು. ಇದು ಕಾಯಿಲೆಯಲ್ಲ ಅನ್ನುವುದು ಗೊತ್ತಿರಲಿಲ್ಲ. ಅದನ್ನು ಹೇಳಬೇಕಾದವರು ಮನೆಯವರು. (ಬೇರೆ ಧರ್ಮದವರ ಮನೆಗಳಲ್ಲೂ ಇದೇ ಹಾಡು. 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ತಡೆ ಹಾಕಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.)

"ಹೇಳಿಕೊಟ್ಟರೆ ದಾರಿ ತಪ್ಪಲ್ವಾ?" ಅಪ್ಪನ ಪ್ರಶ್ನೆ. ಇಲ್ಲ. ಯುನೆಸ್ಕೋ 2018ರ ಲೈಂಗಿಕ ಶಿಕ್ಷಣದ ಮಾರ್ಗದರ್ಶಿಯಲ್ಲಿ ಹಲವು ದೇಶಗಳ ಅಧ್ಯಯನ ನೋಡಿ ಇದನ್ನೇ ಹೇಳಿದೆ.

ಅಪ್ಪನಿಗೆ ಕೊಟ್ಟ ಸಲಹೆ ಹೀಗಿತ್ತು. ಎದುರು ಕೂರಿಸಿಕೊಂಡು ಭಾಷಣ ಬೇಡ. ಸ್ಕೂಟರಿನಲ್ಲಿ ಹೋಗುವಾಗ ಹೇಳಿ, ಇಬ್ಬರೂ ಮುಖ ನೋಡಬೇಕಿಲ್ಲ. "ನನಗೂ ಈ ವಯಸ್ಸಲ್ಲಿ ಆಗ್ತಿತ್ತು. ಶಕ್ತಿ ಏನೂ ಹೋಗಲ್ಲ. ಬೆಳಗ್ಗೆ ಯಾವಾಗ ಬೇಕಾದ್ರೂ ಸ್ನಾನ ಮಾಡು, ಯಾರೂ ಕೇಳಲ್ಲ." ಇಷ್ಟು ಸಾಕು. ಹಸ್ತಮೈಥುನದ ಬಗ್ಗೆ ಕೇಳಿದರೆ? ದೀನ್ ಏನು ಹೇಳುತ್ತದೋ ಅದನ್ನು ದೀನ್ ಎಂದೇ ಹೇಳಿ. ಕಣ್ಣು ಹೋಗುತ್ತೆ, ಮುಂದೆ ಮಕ್ಕಳಾಗಲ್ಲ ಅಂತ ಸುಳ್ಳು ಹೆದರಿಕೆ ಹಾಕಬೇಡಿ. ವೈದ್ಯರು ಒಪ್ಪದ ಮಾತು ಅದು. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ನಿಜವನ್ನೂ ಅವನು ನಂಬುವುದಿಲ್ಲ. ಅನುಮಾನ ಉಳಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗೆ ಕರೆದೊಯ್ಯಿರಿ, ಗೋಡೆ ಮೇಲಿನ ಡಾಕ್ಟರ ಹತ್ತಿರ ಬೇಡ.

ಮಗಳಿಗೆ ತಾಯಿ ಈಗಲೇ ಹೇಳಲಿ ಎಂದೆ. ಹತ್ತು ವರ್ಷಕ್ಕೂ ಮುಟ್ಟು ಬರಬಹುದು. ಪ್ಯಾಡ್ ತೋರಿಸಿ, ಬದಲಾಯಿಸುವುದು ಕಲಿಸಿ, ಆ ದಿನಗಳಲ್ಲಿ ನಮಾಜ್, ರೋಜಾ (ಉಪವಾಸ) ಇಲ್ಲ ಅನ್ನುವುದನ್ನೂ ಜೊತೆಗೇ ಹೇಳಿ. ಯಾರಾದರೂ, ನೆಂಟರೇ ಇರಲಿ, ಕಲಿಸುವವರೇ ಇರಲಿ, ವ್ಯಾನ್ ಡ್ರೈವರೇ ಇರಲಿ, ಮುಟ್ಟಬಾರದ ಕಡೆ ಮುಟ್ಟಿದರೆ ಅಮ್ಮಿಗೆ ಹೇಳಬೇಕು, ಅಮ್ಮಿ ಬೈಯುವುದಿಲ್ಲ ಅನ್ನುವುದು ಅವಳಿಗೆ ಖಾತ್ರಿಯಾಗಬೇಕು. ಮಗನಿಗೂ ಇದನ್ನು ಹೇಳಿ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾನೂನು ಗಂಡುಮಕ್ಕಳಿಗೂ ಇದೆ. ಮಕ್ಕಳ ಸಹಾಯವಾಣಿ 1098 ನಂಬರ್ ಇಬ್ಬರಿಗೂ ಬಾಯಿಪಾಠ ಇರಲಿ.

ತಾಯಿ ಆ ವಾರವೇ ಮಗಳಿಗೆ ಹೇಳಿದರು. ಅಪ್ಪ ತಡಮಾಡಿದರು, ಆದರೆ ಹೇಳಿದರು. ಫಜರ್ ಸಲೀಸಾಯಿತು.

ಆಮೇಲೊಂದು ದಿನ ಅಪ್ಪನ ಫೋನ್ ಬಂತು. ಮಗ ವಿಡಿಯೋದ್ದೂ ಹೇಳಿಬಿಟ್ಟಿದ್ದ. "ಸಿಟ್ಟು ಬಂತು, ಆದ್ರೆ ಹೊಡೀಲಿಲ್ಲ. ಈಗ ಏನು ಹೇಳಲಿ?" ಅಂದರು. ತಾನಾಗಿ ಹೇಳಿದ್ದಕ್ಕೆ ಮೊದಲು ಶಭಾಷ್ ಅನ್ನಿ ಎಂದೆ. ಅದರಲ್ಲಿ ಇರುವುದು ದುಡ್ಡಿಗೆ ಮಾಡುವ ನಟನೆ, ಗಂಡ ಹೆಂಡತಿ ಬದುಕುವುದು ಹಾಗಲ್ಲ ಅಂತ ತಿಳಿಸಿ ಎಂದೆ. ರಾತ್ರಿ ಹತ್ತರ ಮೇಲೆ ಮನೆಯ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ. "ನನ್ನದೂನಾ?" ಅಂದರು. ನಿಮ್ಮದೂ.