ರೋಲಿಂಗ್‌ನಲ್ಲಿ (ಜೋಡಿಯಾಗಿ ಸೆಣಸುವ ಅಭ್ಯಾಸದಲ್ಲಿ) ಎರಡೇ ನಿಮಿಷಕ್ಕೆ ಸುಸ್ತು, ಜೊತೆಯವರಿಗೆ ಹೊರೆಯಾಗ್ತಿದೀನಾ?

ಕುಸ್ತಿಯಂಥ ಸಮರಕಲೆ ಜಿಯು-ಜಿತ್ಸು ಸೇರಿ ಮೂರೇ ವಾರ ಅಂದಿದ್ದೀರಿ. ಸ್ಟ್ಯಾಮಿನಾಗಿಂತ, ಉಸಿರು ಬಿಗಿಹಿಡಿದು ಎದುರಿನವರ ಕಾಲರನ್ನು ಬೆರಳಗೆಣ್ಣು ಬಿಳಿಚುವಷ್ಟು ಹಿಡಿಯುತ್ತಿರುವುದೇ ಕಾರಣ ಇರಬೇಕು. ಸುತ್ತು ಮುಗಿದಾಗ ಮುಂಗೈ ಕಲ್ಲಿನಂತಾಗಿದ್ದರೆ ಬಹುಪಾಲು ಅದೇ.

ಶುರುವಿಗೆ ಮುಂಚೆಯೇ "ನಾನಿನ್ನೂ ಹೊಸದು, ಅರ್ಧ ವೇಗದಲ್ಲಿ ಮಾಡೋಣ" ಅನ್ನಿ. ನೀಲಿ, ನೇರಳೆ ಬೆಲ್ಟಿನ ಅನುಭವಿಗಳನ್ನೇ ಜೊತೆಗೆ ಕೇಳಿ. ಹೊಸಬರಿಬ್ಬರು ಸೇರಿದರೆ ಬರೀ ಜಗ್ಗಾಟ. ಕೆಳಗೆ ಸಿಕ್ಕಿಕೊಂಡಾಗ ಕೈಚಾಚಿ ತಳ್ಳಬೇಡಿ, ತೋಳು ಸಿಕ್ಕಿಬೀಳುವುದೇ ಆಗ. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಮೂಗಿನಿಂದ ಎಳೆದು ಬಾಯಿಂದ ನಿಧಾನವಾಗಿ ಉಸಿರು ಬಿಡಿ, ಆಮೇಲೆ ಸೊಂಟ ಸರಿಸಿ. ಕೀಲು ಬಿಗಿಯಾದ ಕೂಡಲೇ ಟ್ಯಾಪ್, ಅಂದರೆ ಸೋತೆ ಅಂತ ಕೈಯಿಂದ ತಟ್ಟಿ. ಕೈ ಆಡದಿದ್ದರೆ ಬಾಯಲ್ಲೇ ಹೇಳಿ.

ದಣಿದಾಗ ಒಂದು ಸುತ್ತು ಕೂತರೆ ಯಾರಿಗೂ ಹೊರೆಯಲ್ಲ. ಎದೆನೋವು, ತಲೆಸುತ್ತು ಇದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.