ಓದುಗರ ಪ್ರಶ್ನೆ: ಡ್ರಮ್ ನಿಂತಾಗಲೇ ಜನ ಕೂಗುವುದೇಕೆ?

ಪ್ರಶ್ನೆ: ಕ್ಲಬ್ಬಿನಲ್ಲಿ ಕುಣಿಸುವ ಎಲೆಕ್ಟ್ರಾನಿಕ್ ಸಂಗೀತವಾದ ಟ್ರಾನ್ಸ್ ಬಂದು ಮೂವತ್ತು ವರ್ಷದ ಮೇಲಾಯಿತು. ನಡುವೆ ಡ್ರಮ್ಮೇ ನಿಂತುಹೋಗುತ್ತದೆ, ಆದರೂ ಡಿಜೆ ಸೆಟ್‌ನಲ್ಲಿ ಜನ ಮೈಮರೆಯುವುದು ಅಲ್ಲೇ. ಯಾಕೆ?

ಉತ್ತರ: ನಿಂತ ಡ್ರಮ್ ಮತ್ತೆ ಯಾವಾಗ ಬರುತ್ತದೆಂದು ಕುಣಿಯುವವರ ಕಾಲಿಗೆ ಮೊದಲೇ ಗೊತ್ತು. 1990ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಈ ಸಂಗೀತದಲ್ಲಿ ಬದಲಾವಣೆಗಳು ಹೆಚ್ಚಾಗಿ 8, 16, 32 ಬಾರ್‌ಗಳ ಗಡಿಯಲ್ಲೇ ಆಗುತ್ತವೆ. ನಾಲ್ಕು ಬೀಟ್ ಸೇರಿದರೆ ಒಂದು ಬಾರ್. ನಿಮಿಷಕ್ಕೆ 138 ಬೀಟ್ ವೇಗದಲ್ಲಿ 32 ಬಾರ್ ಎಂದರೆ ಸುಮಾರು 56 ಸೆಕೆಂಡ್. ಬ್ರೇಕ್‌ಡೌನ್‌ನಲ್ಲಿ ಎಂದರೆ ಡ್ರಮ್ ನಿಲ್ಲುವ ಆ ಭಾಗದಲ್ಲಿ, ಕಿಕ್ (ಪ್ರತಿ ಬೀಟಿಗೂ ಬೀಳುವ ದಪ್ಪ ಡ್ರಮ್ ಪೆಟ್ಟು), ಬೇಸ್ (ತಗ್ಗಿನ ದನಿ) ಎರಡೂ ಮಾಯವಾಗಿ ರಾಗ ಮಾತ್ರ ಉಳಿಯುತ್ತದೆ. ಆಮೇಲೆ ಸ್ನೇರ್ ಎಂಬ ಚುರುಕು ದನಿಯ ಡ್ರಮ್ ಶುರು: ಬೀಟಿಗೊಂದು ಪೆಟ್ಟು, ನಂತರ ಎರಡು, ಕೊನೆಗೆ ನಾಲ್ಕು. ಜೊತೆಗೆ ಮೇಲಿನ ದನಿಗಳನ್ನು ತಡೆದಿದ್ದ ಫಿಲ್ಟರ್ ತೆರೆಯುತ್ತ ಹೋಗಿ ದನಿ ತೀಕ್ಷ್ಣವಾಗುತ್ತದೆ. ಎಷ್ಟೋ ಟ್ರ್ಯಾಕ್‌ಗಳಲ್ಲಿ ಕೊನೆಯ ಒಂದೆರಡು ಬೀಟ್ ಪೂರ್ತಿ ಖಾಲಿ. ಆ ಖಾಲಿಯ ಮೇಲೆ ಕಿಕ್ ಬಿದ್ದಾಗ ದೊಡ್ಡ ಸ್ಪೀಕರ್ ಎದುರು ನಿಂತವರಿಗೆ ಎದೆಯೇ ನಡುಗುತ್ತದೆ. ಇಯರ್‌ಫೋನಿನಲ್ಲಿ ಕೇಳಿ ‘ಇದರಲ್ಲೇನಿದೆ’ ಎನ್ನುವವರ ತಪ್ಪಲ್ಲ ಬಿಡಿ.

ಇದು ಕೆಡುವುದು ಡಿಜೆಯ ಆತುರದಿಂದ. ದೊಡ್ಡ ಬ್ರೇಕ್‌ಡೌನ್ ಇರುವ ಎರಡು ಟ್ರ್ಯಾಕ್‌ಗಳನ್ನು ಒಂದರ ಬೆನ್ನಿಗೊಂದು ಹಾಕಿದರೆ, ಈಗಷ್ಟೇ ಕುಣಿಯತೊಡಗಿದವರು ಮತ್ತೆ ನಿಲ್ಲಬೇಕಾಗುತ್ತದೆ. ಎರಡನೆಯ ಸಲ ಅರ್ಧ ಜನ ನೀರು ಕುಡಿಯಲು ಹೊರಡುತ್ತಾರೆ. ನಡುವೆ ಕಿಕ್ ಹೆಚ್ಚು ಹೊತ್ತು ಓಡುವ, ರಾಗ ಕಡಿಮೆಯಿರುವ ಒಂದೆರಡು ಟ್ರ್ಯಾಕ್ ಇರಲಿ.

ಪ್ರಶ್ನೆ: ಬೀಟ್ ಸರಿಯಾಗಿ ಕೂಡಿಸಿದರೂ ನನ್ನ ಮಿಕ್ಸ್ ಕರ್ಕಶವಾಗಿ ಕೇಳಿಸುತ್ತದೆ.

ಉತ್ತರ: ಮೊದಲು ಶ್ರುತಿ ನೋಡಿ. ಟ್ರಾನ್ಸ್‌ನಲ್ಲಿ ಸ್ವರಗಳು ಉದ್ದಕ್ಕೆ ಎಳೆದು ನಿಲ್ಲುವುದರಿಂದ ಶ್ರುತಿ ಹೊಂದದಿದ್ದರೆ ಕೂಡಲೇ ಬಯಲಾಗುತ್ತದೆ. ಶ್ರುತಿಗಳನ್ನು ಅಂಕಿ, ಅಕ್ಷರಗಳಲ್ಲಿ ಗುರುತಿಸುವ ಕ್ಯಾಮೆಲಾಟ್ ಚಕ್ರದಲ್ಲಿ 8ಎ ಟ್ರ್ಯಾಕ್‌ಗೆ 7ಎ, 8ಎ, 9ಎ ಅಥವಾ 8ಬಿ ಹೊಂದುತ್ತದೆ. ಕೀ ಲಾಕ್ (ವೇಗ ಬದಲಾದರೂ ಶ್ರುತಿ ಕದಲದಂತೆ ಹಿಡಿಯುವ ಸೌಲಭ್ಯ) ಹಾಕದೆ ನಿಮಿಷಕ್ಕೆ 132 ಬೀಟಿನ ಟ್ರ್ಯಾಕನ್ನು 138ಕ್ಕೆ ಏರಿಸಿದರೆ ಶ್ರುತಿ ಸುಮಾರು ಮುಕ್ಕಾಲು ಸೆಮಿಟೋನ್ (ಪಕ್ಕಪಕ್ಕದ ಎರಡು ಸ್ವರಗಳ ಅಂತರ) ಮೇಲೇರುತ್ತದೆ. ಆಗ ಚಕ್ರದ ಲೆಕ್ಕವೆಲ್ಲ ವ್ಯರ್ಥ.

ಎರಡನೆಯ ಕಾರಣ ಬೇಸ್. ಎರಡು ಟ್ರ್ಯಾಕ್‌ಗಳ ಬೇಸ್ ಒಟ್ಟಿಗೆ ಬಂದರೆ ಗುಂಯ್‌ಗುಟ್ಟುತ್ತದೆ, ಮಿಕ್ಸರ್ ಮೀಟರ್ ಕೆಂಪಿಗೆ ಹೋಗುತ್ತದೆ. ಹೊಸ ಟ್ರ್ಯಾಕಿನ ಬೇಸ್ ಹಿಡಿತದಲ್ಲಿಡುವ ಲೋ ನಾಬ್ ಪೂರ್ತಿ ಇಳಿಸಿಯೇ ಅದರ ಸದ್ದಿನ ಫೇಡರ್ ಏರಿಸಿ. 16 ಬಾರ್ ಮುಗಿದು ಮುಂದಿನ 16 ಶುರುವಾಗುವ ಮೊದಲ ಬೀಟಿಗೆ ಹಳೆಯ ಟ್ರ್ಯಾಕಿನ ಲೋ ಇಳಿಸಿ, ಹೊಸದರದ್ದು ಏರಿಸಿ. ಎರಡೂ ಕೈ ಒಂದೇ ಸಲ ಓಡಬೇಕು.

ಪ್ರಶ್ನೆ: ಸಿಂಕ್ ಗುಂಡಿ ಒತ್ತುವುದು ಮೋಸವೇ?

ಉತ್ತರ: ಅಲ್ಲ. ಆದರೆ ಅದು ಎರಡು ಟ್ರ್ಯಾಕುಗಳ ವೇಗವನ್ನೂ ಬೀಟನ್ನೂ ಮಾತ್ರ ಹೊಂದಿಸುತ್ತದೆ. ಬೀಟ್‌ಗ್ರಿಡ್ (ಬೀಟ್ ಎಲ್ಲೆಲ್ಲಿದೆ ಎಂದು ಸಾಫ್ಟ್‌ವೇರ್ ಹಾಕಿದ ಗುರುತು) ತಪ್ಪಿದ್ದರೆ ಸಿಂಕ್ ಕೂಡ ತಪ್ಪುತ್ತದೆ, ಹಾಗಾಗಿ ಹೆಡ್‌ಫೋನಿನಲ್ಲಿ ಕೇಳದೆ ಫೇಡರ್ ಮುಟ್ಟಬೇಡಿ. ಹೊಸ ಟ್ರ್ಯಾಕಿನ ಮೊದಲ ಬಾರ್ ಹಳೆಯದರ ಯಾವ ಬಾರ್ ಮೇಲೆ ಕೂರಬೇಕೆಂಬ ಎಣಿಕೆ ನಿಮ್ಮದೇ.